ಆರ್‌ಸಿಬಿ ಪಟ್ಟಿ ಮತ್ತು ನಮ್ಮ ಮಾವಾರ ಇಂಡೆಂಟು

ಐಪಿಎಲ್ ಹರಾಜು ಹತ್ರ ಬಂತಂದ್ರ ನಮ್ಮ ಮನ್ಯಾಗ ಕ್ಯಾಲೆಂಡರಿನ ಹಿಂದಿನ ಹಾಳಿ ಖಾಲಿ ಉಳಿಯೂದಿಲ್ರಿ. ಆರ್‌ಸಿಬಿ ಯಾರನ್ನ ತಗೋತೈತಿ, ಎಷ್ಟಕ್ಕ ತಗೋತೈತಿ ಅಂತ ಒಬ್ಬೊಬ್ಬರು ಒಂದೊಂದು ಪಟ್ಟಿ ಬರೀಬೇಕು. ರೊಕ್ಕದ ಪಂಥ ಮಾತ್ರ ಇಲ್ಲ, ಅದು ಮಾವಾರ ಕಟ್ಟಪ್ಪಣಿ. ಸೋತವರು ಮಂದಿಗೆಲ್ಲಾ ಮಂಡಕ್ಕಿ-ಮೆಣಸಿನಕಾಯಿ ತರಬೇಕು, ಅಷ್ಟ. ಪಟ್ಟಿ ಜ್ವಾಕಿ ಇಡೂದು, ಹರಾಜು ಮುಗದ ಮ್ಯಾಲ ತಾಳೆ ನೋಡೂದು ನನ್ನ ಕೆಲಸ. ನಾನು ಪಟ್ಟಿ ಬರಿಯೂದಿಲ್ಲ. ಬರಿಯೋರ ಮುಖ ನೋಡೂದರಾಗ ನನಗ ಹೆಚ್ಚು ಮಜಾ.

2024ರ ನವೆಂಬರ್ 24 ಮತ್ತು 25ಕ್ಕ ಸೌದಿ ಅರೇಬಿಯಾದ ಜೆಡ್ಡಾದಾಗ ಆತಲ್ಲ, ಅದು ದೊಡ್ಡ ಹರಾಜು. ಒಂದೊಂದು ತಂಡಕ್ಕ 120 ಕೋಟಿ. ಆರ್‌ಸಿಬಿ ಮೂರ ಮಂದಿನ್ನಷ್ಟ ಉಳಿಸಿಕೊಂಡಿತ್ತು: ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5. ಕೈಯಾಗ ಉಳದದ್ದು 83 ಕೋಟಿ. ತಂಡದಾಗ ಕಡಿಮಿ ಅಂದ್ರ 18 ಮಂದಿ ಇರಬೇಕು, 25ಕ್ಕಿಂತ ಹೆಚ್ಚಾಗಂಗಿಲ್ಲ, ಅದರಾಗ ಹೊರದೇಶದವರು 8 ಮಂದಿ ಮಾತ್ರ. ಅಂದ್ರ ಸಂತಿಗೆ ಹೊಂಟಂಗ ಆತು ನೋಡ್ರಿ. ಚೀಲ ಇಷ್ಟ, ರೊಕ್ಕ ಇಷ್ಟ, ಮನಿಗೆ ಬೇಕಾದ್ದು ಮಾತ್ರ ಪಟ್ಟಿ ಉದ್ದ.

ನಮ್ಮ ಹುಡುಗ ಹತ್ತನೇ ಇಯತ್ತೆ. ಅವನ ಪಟ್ಟಿ ತುಂಬ ಬರೇ ದೊಡ್ಡ ಹೆಸರು. ಮೊದಲನೇದು ಕೆ.ಎಲ್. ರಾಹುಲ್. ನಮ್ಮ ಕರ್ನಾಟಕದಾಂವ, ಬೆಂಗಳೂರು ಬಿಟ್ಟು ಎಲ್ಲಿ ಹೊಕ್ಕಾನ ಅನ್ನೂದು ಅವನ ವಾದ. ಆಮ್ಯಾಲ ರಿಷಬ್ ಪಂತ್. ಮೊಹಮ್ಮದ್ ಸಿರಾಜ್, ವಿಲ್ ಜಾಕ್ಸ್ ಇಬ್ಬರನ್ನೂ ಆರ್‌ಟಿಎಂ ಕಾರ್ಡ್ ಹಾಕಿ ವಾಪಸ್ ತರತಾರ ಅಂತ ಕೆಂಪು ಪೆನ್ನಿಲೆ ಗೆರಿ ಬ್ಯಾರೆ. ಆ ಕಾರ್ಡ್ ಅಂದ್ರ, ಬ್ಯಾರೇದವರು ಕೂಗಿದ ರೇಟಿಗೆ ಹಳೇ ತಂಡ ತನ್ನ ಆಟಗಾರನ್ನ ಮರಳಿ ತಗೊಳ್ಳೋ ಹಕ್ಕು.

ಮಾವಾರ ಪಟ್ಟ್ಯಾಗ ಒಂದು ಹೆಸರೂ ಇರಲಿಲ್ರಿ. ಇಲ್ಲೇ ಕುಮಾರಪಟ್ಟಣದ ಫ್ಯಾಕ್ಟರಿ ಸ್ಟೋರಿನ್ಯಾಗ ಜೀವನ ತೆಗೆದವರು ಅವರು. "ಹೆಸರು ಯಾಕ ಬೇಕ್ ಯವ್ವಾ? ರ‍್ಯಾಕಿನ್ಯಾಗ ಯಾವುದು ಖಾಲಿ ಐತಿ ನೋಡಬೇಕು. ಖಾಲಿ ಇದ್ದದ್ದಕ್ಕ ಇಂಡೆಂಟ್ ಹಾಕೂದು" ಅಂದ್ರು. ಐದು ಸಾಲು ಬರದ್ರು. ದಿನೇಶ್ ಕಾರ್ತಿಕ್ ಆಟ ಬಿಟ್ಟಾನ, ಕೀಪರ್ ಬೇಕು, ಒಬ್ಬ ಅಲ್ಲ ಇಬ್ಬರು. ಡುಪ್ಲೆಸಿನ್ನ ಬಿಟ್ಟಾರ, ಕೊಹ್ಲಿ ಜೋಡಿ ಮೊದಲಿಗೆ ಇಳದು ಬೀಸಾಂವ ಬೇಕು. ಮ್ಯಾಕ್ಸ್‌ವೆಲ್‌ನ್ನ ಬಿಟ್ಟಾರ, ಕಡೀ ಓವರಿನ್ಯಾಗ ಹೊಡಿಯಾಂವ ಬೇಕು. ಚಿನ್ನಸ್ವಾಮಿ ಮೈದಾನ ಸಣ್ಣದು, ತಲಿ ಉಪಯೋಗಿಸೋ ವಯಸ್ಸಾದ ವೇಗಿಗಳು ಇಬ್ಬರು ಬೇಕು. ಬ್ಯಾಟೂ ಹಿಡಿಯೋ ಸ್ಪಿನ್ನರ್ ಒಬ್ಬ ಬೇಕು.

ಹುಡುಗ ನಕ್ಕ. "ಅಜ್ಜಾ, ಇದೇನು ನಟ್ಟು-ಬೋಲ್ಟ್ ಖರೀದಿ ಏನ?" ಅಂದ.

ಎರಡು ದಿನ ಮುಗದ ಮ್ಯಾಲ ನಾನು ತಾಳೆ ನೋಡಿದೆ. ರಾಹುಲ್‌ಗೆ ಮೊದಲ ಆರ್‌ಸಿಬಿನೂ ಕೂಗಿತು, ಆಮ್ಯಾಲ ಕೈ ಬಿಟ್ಟಿತು. 14 ಕೋಟಿಗೆ ಡೆಲ್ಲಿಗೆ ಹ್ವಾದ. ಪಂತ್ 27 ಕೋಟಿಗೆ ಲಖನೌ. ಸಿರಾಜ್ 12.25 ಕೋಟಿಗೆ ಗುಜರಾತ್, ಜಾಕ್ಸ್ 5.25 ಕೋಟಿಗೆ ಮುಂಬೈ. ಇಬ್ಬರಿಗೂ ಕಾರ್ಡ್ ಹಾಕಲಿಲ್ಲ. ಈ ಕಡೆ ಮಾವಾರ ಇಂಡೆಂಟ್ ನೋಡ್ರಿ. ಫಿಲ್ ಸಾಲ್ಟ್ 11.50 ಕೋಟಿ, ಮೊದಲಿಗೂ ಇಳಿತಾನ, ಕೀಪಿಂಗೂ ಮಾಡತಾನ. ಎರಡನೇ ಕೀಪರ್ ಜಿತೇಶ್ ಶರ್ಮಾ 11. ವೇಗಿಗಳು ಹೇಜಲ್‌ವುಡ್ 12.50, ಭುವನೇಶ್ವರ್ ಕುಮಾರ್ 10.75. ಬ್ಯಾಟ್ ಹಿಡಿಯೋ ಸ್ಪಿನ್ನರ್ ಕೃಣಾಲ್ ಪಾಂಡ್ಯ 5.75. ಕಡೀ ಓವರಿಗೆ ಟಿಮ್ ಡೇವಿಡ್, ಬರೇ 3 ಕೋಟಿ. ಐದಕ್ಕ ಐದೂ ಟಿಕ್!

ಅಮೆರಿಕಾದ ಫುಟ್‌ಬಾಲ್‌ನ್ಯಾಗ ಹರಾಜು ಇಲ್ಲ, ಡ್ರಾಫ್ಟ್ ಅಂತ ಪಾಳಿ ಪದ್ಧತಿ ಐತಿ. 32 ತಂಡ, ಏಳು ಸುತ್ತು. ಹಿಂದಿನ ವರ್ಷ ಎಲ್ಲಾರಕಿಂತ ಕೆಳಗ ನಿಂತ ತಂಡಕ್ಕ ಮೊದಲ ಪಾಳಿ, ಕಾಲೇಜಿನಿಂದ ಬಂದ ಹುಡುಗರಾಗ ಬೇಕಾದಾಂವನ್ನ ಆರಿಸಿಕೋಬಹುದು. ತಮ್ಮ ಪಾಳಿನ್ನ ಬ್ಯಾರೆ ತಂಡಕ್ಕ ಅದಲು-ಬದಲು ಮಾಡೂದೂ ಉಂಟು. ಅಲ್ಲೂ ಮಂದಿ ತಿಂಗಳಗಟ್ಟಲೆ ಮೊದಲ ಪಟ್ಟಿ ಬರಕೊಂಡು ಕುಂದರತಾರ. ಅಲ್ಲಿ ಲೆಕ್ಕ ಹಾಕಬೇಕಾದ್ದು ಮುಂದ ನಿಂತವರು ಯಾರನ್ನ ಎತ್ತಿಕೊಂಡು ಹೊಕ್ಕಾರ ಅಂತ. ನಮ್ಮ ಹರಾಜಿನ್ಯಾಗ ಬಾಜೂದಾಂವನ ಕಿಸೆನೂ ಲೆಕ್ಕ, ಅವನ ಹಟನೂ ಲೆಕ್ಕ. ವೆಂಕಟೇಶ್ ಅಯ್ಯರ್‌ಗೆ ಆರ್‌ಸಿಬಿ 23.50 ಕೋಟಿ ತನಕ ಕೂಗಿತ್ತು, ಕೋಲ್ಕತ್ತಾ 23.75 ಅಂದು ಇಟ್ಟುಕೊಂತು. ಆ ಕೋಲ್ಕತ್ತಾದವರು ಒಂದು ಮಾತು ಮೊದಲ ಸುಮ್ಮನಾಗಿದ್ರ ಆರ್‌ಸಿಬಿಯ ಮುಂದಿನ ಪಟ್ಟಿಯೆಲ್ಲಾ ಬ್ಯಾರೆ ಆಗತಿತ್ತು.

ಈ ಮಾತು ಬಂದಾಗ ನಮ್ಮಪ್ಪನೂ ಮನ್ಯಾಗ ಇದ್ದ. ನನ್ನ ತವರು ಬ್ಯಾಡಗಿ ತಾಲ್ಲೂಕು. ಅಪ್ಪ ವರ್ಷಾ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೋದಾಂವ. ಅಲ್ಲಿ ಕೂಗಾಟ ಇಲ್ಲ, ಟೆಂಡರ್. ದಲಾಲಿ ಅಂಗಡಿ ಮುಂದ ಚೀಲ ಹಚ್ಚತಾರ, ಲಾಟ್ ನಂಬರ್ ಬೀಳತೈತಿ, ಖರೀದಿದಾರರು ಬಂದು ಕಾಯಿ ಮುರದು ಬಣ್ಣ ನೋಡಿ, ಒಬ್ಬರದು ಒಬ್ಬರಿಗೆ ಗೊತ್ತಾಗದಂಗ ರೇಟ್ ಹಾಕತಾರ. ಹೆಚ್ಚಿಗಿ ಹಾಕಿದವರಿಗೆ ಲಾಟ್. ರೇಟ್ ಮನಸಿಗೆ ಬರಲಿಲ್ಲ ಅಂದ್ರ ರೈತ ಕೊಡೂದಿಲ್ಲ ಅನ್ನಬಹುದು, ಚೀಲ ಕೋಲ್ಡ್ ಸ್ಟೋರೇಜಿಗೆ ಹೊಕ್ಕಾವು.

ಈಗ ಒಂದು ಮನಿ ವಿಷಯ ಹೇಳತೀನ್ರಿ. ಆ ಹರಾಜಿಗೆ ಹದಿನೈದು ದಿನ ಮೊದಲ ನಮ್ಮ ಹುಡುಗ ಹದಿನಾರು ವರ್ಷದೊಳಗಿನವರ ಆಯ್ಕೆಗೆ ಹೋಗಿ ಬಂದಿದ್ದ. ವೇಗದ ಬೌಲರ್. ಪಟ್ಟ್ಯಾಗ ಹೆಸರು ಬರಲಿಲ್ಲ. ಅವತ್ತಿನಿಂದ ಚೆಂಡು ಮುಟ್ಟಿರಲಿಲ್ಲ. ಶೂ ಬಾಗಲ ಹಿಂದ ಧೂಳು ತಿನ್ನಾಕ ಹತ್ತಿದ್ದವು. ಊಟಕ್ಕ ಕರದ್ರೂ ಹಸಿವಿಲ್ಲ ಅಂತಿದ್ದ. ಹರಾಜಿನ ಪಟ್ಟಿ ನೆವಾ ಸಿಕ್ಕಿತಲ್ಲ ಅಂತ ನಾನs ಅವನ ಕೈಗೆ ಪೆನ್ನು ಕೊಟ್ಟಿದ್ದೆ.

ಮೊದಲನೇ ದಿನ ಸಂಜಿಮುಂದ ದೇವದತ್ ಪಡಿಕ್ಕಲ್ ಹೆಸರು ಬಂತು. ಮೂಲ ಬೆಲೆ 2 ಕೋಟಿ. ಯಾರೂ ಕೈ ಎತ್ತಲಿಲ್ಲ. ಹರಾಜು ನಡಸೋ ಮಲ್ಲಿಕಾ ಸಾಗರ್ ಅನ್‌ಸೋಲ್ಡ್ ಅಂದ್ರು. ಹುಡುಗ ಎದ್ದು ಒಳಗ ಹ್ವಾದ. ಆ ಶಬ್ದ ತನಗ ಅಂದಂಗ ಬಡದಿರಬೇಕು ಅವನಿಗೆ.

ಅಪ್ಪ ಹಿಂದಿಂದ ಹೋಗಿ ಅವನ ಬಾಜೂಕ ಕುಂತ. ಬುದ್ಧಿವಾದ ಹೇಳೂ ಸ್ವಭಾವ ಅಲ್ಲ ನಮ್ಮಪ್ಪಂದು. "ತಮ್ಮಾ, ಟೆಂಡರಿನ್ಯಾಗ ಹೋಗದ ಲಾಟ್ ತಿಪ್ಪಿಗೆ ಹಾಕತೇವೇನ? ಇವತ್ತು ಬಂದ ಖರೀದಿದಾರಗ ಬ್ಯಾರೆ ಕಾಯಿ ಬೇಕಾಗಿತ್ತು. ಬಣ್ಣ ಉಳಿಸಿಕೊಂಡು ಇಡೂದು ಅಷ್ಟ ನಮ್ಮ ಕೆಲಸ. ಹಸಿ ಬಡಿಯಾಕ ಬಿಟ್ರ ಆವಾಗ ಖರೇನ ಕೆಡತಾವು" ಅಂದ. ಹುಡುಗ ಏನೂ ಅನ್ನಲಿಲ್ಲ.

ಮರುದಿನ ಉಳದವರ ಹೆಸರು ಮತ್ತ ಕೂಗಿದಾಗ ಅದೇ ಪಡಿಕ್ಕಲ್‌ನ್ನ ಅದೇ 2 ಕೋಟಿಗೆ ಆರ್‌ಸಿಬಿನs ತಗೊಂತು. ನಮ್ಮ ರಾಯಚೂರಿನ ಮನೋಜ್ ಭಾಂಡಗೆ 30 ಲಕ್ಷಕ್ಕ ಬಂದ. ಮಯಂಕ್ ಅಗರ್ವಾಲ್ ಮಾತ್ರ ಯಾರಿಗೂ ಬೇಡಾಗಿ ಉಳದ.

ಮುಂದಿಂದು ನಿಮಗೆಲ್ಲಾ ಗೊತ್ತೈತಿ. 2025ರ ಮೇ ತಿಂಗಳದಾಗ ಪಡಿಕ್ಕಲ್‌ಗೆ ಪೆಟ್ಟಾತು, ಅವನ ಜಾಗಕ್ಕ ಕರಿಸಿದ್ದು ಯಾರನ್ನ? ಮಯಂಕ್‌ನ್ನ. ಜೂನ್ 3ಕ್ಕ ಅಹಮದಾಬಾದಿನ ಫೈನಲ್‌ನ್ಯಾಗ ಆಡಿದ, 24 ರನ್ ಹೊಡದ. ಪಂಜಾಬ್ ಮ್ಯಾಲ ಗೆದ್ದದ್ದು 6 ರನ್ನಿಲೆ. ಆ ದಿನದ ಪಂದ್ಯಶ್ರೇಷ್ಠ ಮಾವಾರ ಐದನೇ ಸಾಲು, ಕೃಣಾಲ್ ಪಾಂಡ್ಯ: 17 ರನ್ನಿಗೆ 2 ವಿಕೆಟ್. ಮರುದಿನ ಬೆಂಗಳೂರಿನ ಕಾಲ್ತುಳಿತದಾಗ 11 ಜೀವ ಹ್ವಾದವು, ಮನ್ಯಾಗ ತಂದಿಟ್ಟ ಪೇಢೆ ಯಾರಿಗೂ ಗಂಟಲಾಗ ಇಳೀಲಿಲ್ಲ.

ನಮ್ಮ ಹುಡುಗ ಆಯ್ಕೆ ಆದನೇನು ಅಂತ ಕೇಳತೀರಿ. ಇಲ್ರಿ, ಇನ್ನೂ ಆಗಿಲ್ಲ. ಆದ್ರ ಜೆಡ್ಡಾ ಹರಾಜು ಮುಗದು ಮೂರ್ನಾಕು ದಿನಕ್ಕ ಶೂ ಝಾಡಿಸಿ ಹೊರಗ ಹ್ವಾದ. ಈಗ ಮುಂಜಾನಿ ಐದೂವರೆಗೆ ಏಳತಾನ. ಬೌಲಿಂಗ್ ಜೋಡಿ ಬ್ಯಾಟಿಂಗೂ ಕಲ್ಯಾಕ ಹತ್ಯಾನ. "ಎರಡು ಕೆಲಸ ಬರೋರಿಗೆ ರ‍್ಯಾಕಿನ್ಯಾಗ ಲಗೂ ಜಾಗ ಸಿಗತೈತಿ" ಅನ್ನೂದು ಮಾವಾರ ಸಿದ್ಧಾಂತ.

ಅವನ ಪಟ್ಟಿ ಬರಿಯೂ ರೀತಿನೂ ಬದಲಾಗೈತಿ. 2025ರ ಡಿಸೆಂಬರ್‌ನ್ಯಾಗ ಅಬುಧಾಬಿ ಹರಾಜಿಗೆ ಹಾಳಿ ನಡುವ ಗೆರಿ ಎಳದು ಎರಡು ಕಾಲಂ ಮಾಡಿದ್ದ. ಒಂದರಾಗ ಆರ್‌ಸಿಬಿ ತಗೊಳ್ಳೋರು. ಅದರಾಗ ವೆಂಕಟೇಶ್ ಅಯ್ಯರ್ ಹೆಸರಿತ್ತು, 23.50 ಕೋಟಿ ಕೂಗಿದ್ರೂ ಸಿಗದಾಂವ ಈ ಸಲ 7 ಕೋಟಿಗೆ ಬಂದ. ಅದನ್ನ ಕೇಳಿ ನಮ್ಮಪ್ಪ ಫೋನಿನ್ಯಾಗ ಭಾಳ ಹೊತ್ತು ನಕ್ಕ. ಇನ್ನೊಂದು ಕಾಲಂದಾಗ ಮೊದಲನೇ ಸಲ ಯಾರೂ ತಗೊಳ್ಳದ, ಆಮ್ಯಾಲ ಕರೀ ಬರೋ ಹೆಸರು. ಆ ಕಾಲಂದ ತಾಳೆ ಮಾತ್ರ ನನ್ನ ಕೈಗೆ ಕೊಡೂದಿಲ್ಲ, ತಾನs ನೋಡಕೋತಾನ.