ಲುಬಾವಿಚಿನ ಗುರುಗಳು
ಯೆಹೂದ್ಯರಲ್ಲಿ ಭಕ್ತಿಪ್ರಧಾನವಾದ ಹಸೀದ ಪಂಥದ ಲುಬಾವಿಚ್ ಪರಂಪರೆಗೆ ರಬ್ಬಿ ಯೋಸೆಫ್ ಯಿಟ್ಸ್‌ಹಾಕ್ ಷ್ನೀರ್‌ಸನ್ನರು ಆರನೆಯ ಗುರುಗಳು, ಜನನ 1880. ಸೋವಿಯತ್ ಆಡಳಿತವು ಬಾಲಕರ ಧರ್ಮಪಾಠವನ್ನು ತಡೆದಾಗ ಗುಪ್ತವಾಗಿ ಪಾಠಶಾಲೆಗಳನ್ನು ನಡೆಯಿಸಿದರು. 1927ರಲ್ಲಿ ಲೆನಿನ್‌ಗ್ರಾಡಿನ ಸೆರೆಮನೆ ಕಾದಿದ್ದಿತು. ಮರಣದಂಡನೆಯು ಹೇಗೋ ತಪ್ಪಿತು. ಬಳಿಕ ರೀಗಾ, ವಾರ್ಸಾ.

ಬಾಂಬುಗಳಿಗೆ ತುತ್ತಾದ ವಾರ್ಸಾದಿಂದ ಪಾರಾಗಿ, 1940ರ ಮಾರ್ಚ್ 19ರಂದು ನ್ಯೂಯಾರ್ಕಿನಲ್ಲಿಳಿದಾಗ ಅವರ ದೇಹವು ಜರ್ಜರಿತವಾಗಿದ್ದಿತು. ಪ್ರಾಚೀನ ವಿದ್ಯೆಯು ಅಮೆರಿಕದಲ್ಲಿ ಬೇರೂರದೆಂದು ಹಿತೈಷಿಗಳೆಂದರು. ಆ ದೇಶವೇನೂ ಬೇರೆಯಲ್ಲವೆಂದುತ್ತರಿಸಿ, ಯೆಷಿವಾ ಎಂಬ ಗುರುಕುಲವನ್ನು ಒಡನೆಯೇ ತೆರೆದರು.

ಮುಂದೆ ಮಾತೂ ಅಸ್ಪಷ್ಟವಾಯಿತು. ಅಧ್ಯಾಪಕನಿಗೆ ನಾಲಿಗೆಯ ಕುಂದಿಗಿಂತ ಕಠಿನವಾದುದೇನುಂಟು? ಅವರಾದರೋ ಪತ್ರಗಳ ಮೂಲಕ ಬೋಧಿಸಿದರು. ದೂರದೂರದ ಶಿಷ್ಯರಿಗೆ ಬರೆದವುಗಳೇ ಹಲವು ಸಂಪುಟಗಳಾಗಿವೆ. 1950ರ ಜನವರಿ 28ರಂದು ಬ್ರೂಕ್ಲಿನ್ನಿನಲ್ಲಿ ದಿವಂಗತರಾದರು.