ತಗದಷ್ಟ ಹಾಕು

ಗದುಗಿನಲ್ಲಿದ್ದುಕೊಂಡು ಕತೆ ಬರೆಯುವವನಿಗೆ ಒಂದು ತೊಂದರೆಯಿದೆ. ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಭಾರತ ಬರೆದ ಕುಮಾರವ್ಯಾಸ ಊರಿನ ಎಲ್ಲರ ಮನೆಯವನು. ಮಿಂದು ಒದ್ದೆ ಪಂಚೆಯಲ್ಲೇ ಕೂರುತ್ತಿದ್ದನಂತೆ, ಪಂಚೆ ಆರುವ ತನಕ ಬರೆಯುತ್ತಿದ್ದನಂತೆ. ಕರಡಿಗೆಂದು ಹಲಗೆ ಮುಟ್ಟಿದವನಲ್ಲ, ಬರೆದದ್ದನ್ನು ಒರೆಸಿದವನಲ್ಲ ಎಂದು ಆತನೇ ಹೇಳಿಕೊಂಡಿದ್ದಾನೆ. ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಅದನ್ನು ಅಕ್ಷರಶಃ ನಂಬಿದ್ದೆ. ಮೊದಲ ಕತೆಯನ್ನು ಒಂದೇ ರಾತ್ರಿ ಬರೆದು, ಒಂದು ಕಾಟೂ ಹೊಡೆಯದೆ ಪ್ರೆಸ್ಸಿಗೆ ಒಯ್ದಿದ್ದೆ.

ಆಗ 1978. ಗದುಗಿಗೆ ಮುದ್ರಣ ಕಾಶಿ ಎಂಬ ಹೆಸರು ಇನ್ನೂ ಮಾಸಿರಲಿಲ್ಲ. ನಾನು ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಹುಡುಗ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಹಸ್ತಪತ್ರಿಕೆ, ನಡುನಡುವೆ ಒಂದು ಪುರಾಣ, ಒಂದು ಕಾದಂಬರಿ. ಮಾಲೀಕರು ವರ್ಷಕ್ಕೊಮ್ಮೆ ದೀಪಾವಳಿಗೆ ತೆಳ್ಳಗಿನ ಸಂಚಿಕೆಯೊಂದನ್ನು ತರುತ್ತಿದ್ದರು. ಅದರಲ್ಲಿ ನನ್ನ ಕತೆಗೆ ನಾಲ್ಕು ಪುಟ ಕೊಟ್ಟರು. ಮೊಳೆ ಜೋಡಿಸಿದವರು ಕಾಕಾ. ಅವರು ನನಗೆ ಸಂಬಂಧದಲ್ಲಿ ಕಾಕಾ ಅಲ್ಲ. ಆ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ನಿಂತೇ ದುಡಿದಿದ್ದರಿಂದ ಎಲ್ಲರಿಗೂ ಕಾಕಾ.

ಗ್ಯಾಲಿ ಪ್ರೂಫ್ ಕೈಗೆ ಬಂದಾಗ ನನ್ನ ಕುಮಾರವ್ಯಾಸನ ಠೇಂಕಾರ ಇಳಿಯಿತು. ಅಚ್ಚಿನಲ್ಲಿ ನೋಡಿದರೆ ವಾಕ್ಯಗಳು ಬೇರೆ ಯಾರೋ ಬರೆದ ಹಾಗಿದ್ದವು. ಅಂಚಿನ ತುಂಬ ಗೀಚಿದೆ. ಇಲ್ಲೊಂದು ಮಾತು ಸೇರಿಸಿದೆ, ಅಲ್ಲೊಂದು ಸಾಲು ತೂರಿಸಿದೆ. ಕಾಕಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಹಾಗೇ ನನ್ನ ಕೈಗೆ ವಾಪಸು ಕೊಟ್ಟರು.

“ತಮ್ಮಾ, ತಗದಷ್ಟ ಹಾಕು. ಹಾಕಿದಷ್ಟ ತಗೀ.”

ಅವರ ಕಷ್ಟ ನನಗೆ ಅರ್ಥವಾಗಲು ಅವರ ಪಕ್ಕದಲ್ಲಿ ನಿಲ್ಲಬೇಕಾಯಿತು. ಎದುರಿಗೆ ಇಳಿಜಾರಾಗಿ ನಿಲ್ಲಿಸಿದ ಕೇಸು, ಅದರಲ್ಲಿ ನೂರಾರು ಮನೆ. ಅಕ್ಷರಕ್ಕೆ ಒಂದು ಮನೆ, ಕಾಗುಣಿತಕ್ಕೆ ಒಂದು, ಒತ್ತಿಗೆ ಇನ್ನೊಂದು. ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೇಸಿನ ಮೇಲೆ ಓಡಾಡುತ್ತದೆ, ಕಣ್ಣು ಹಸ್ತಪ್ರತಿಯ ಮೇಲೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ತಲೆಕೆಳಗಾಗಿ ಜೋಡಿಸುತ್ತ, ಸಾಲಿನ ಅಳತೆ ಮುಗಿಯುವಷ್ಟರಲ್ಲಿ ಪದಗಳ ನಡುವೆ ತೆಳು ತುಂಡು ಸೇರಿಸಿ ಬಿಗಿಯಬೇಕು. ಹೀಗೆ ಬಿಗಿದ ಸಾಲಿನಲ್ಲಿ ಒಂದು ಪದ ಹೆಚ್ಚಾದರೆ ಕೊನೆಯ ಪದ ಕೆಳಗಿನ ಸಾಲಿಗೆ ಇಳಿಯುತ್ತದೆ, ಅಲ್ಲಿಂದ ಇನ್ನೊಂದು ಅದರ ಕೆಳಗೆ. ಪ್ಯಾರಾ ಮುಗಿಯುವ ತನಕ ಪ್ರತಿ ಸಾಲನ್ನೂ ಬಿಚ್ಚಿ ಕಟ್ಟಬೇಕು. ಅದೇ ಏಳಕ್ಷರ ತೆಗೆದು ಏಳಕ್ಷರದ ಬೇರೆ ಪದ ಕೊಟ್ಟರೆ ಒಂದೇ ಸಾಲಿನ ಕೆಲಸ.

ಅಂದಿನಿಂದ ನಾನು ಬೆರಳು ಮಡಿಸಿ ಅಕ್ಷರ ಎಣಿಸಿ ತಿದ್ದತೊಡಗಿದೆ. ‘ಅತ್ಯಂತ ದುಃಖದಿಂದ’ ತೆಗೆದು ಅಷ್ಟೇ ಅಗಲದಲ್ಲಿ ಆಕೆ ಏನು ಮಾಡಿದಳೆಂದು ಹೇಳಬೇಕು. ‘ಸೆರಗನ್ನು ಹಿಂಡುತ್ತ’ ಎಂಬುದು ಹಾಗೆ ಸಿಕ್ಕ ಮಾತು. ಕತೆಯ ಪಾಠವೆಂದು ಯಾರೂ ನನಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಒಬ್ಬ ಮುದುಕನಿಗೆ ಅರ್ಧ ಗಂಟೆಯ ಕೆಲಸ ತಪ್ಪಿಸಲು ಹೋಗಿ ಕಲಿತದ್ದು.

ಇನ್ನೊಂದು ಕಟ್ಟು ಕಾದಂಬರಿಕಾರರಿಗೆ ಗೊತ್ತಿತ್ತು. ಸಣ್ಣ ಪ್ರೆಸ್ಸಿನಲ್ಲಿ ಇಡೀ ಪುಸ್ತಕಕ್ಕೆ ಸಾಲುವಷ್ಟು ಮೊಳೆ ಎಲ್ಲಿರುತ್ತದೆ? ಹದಿನಾರು ಪುಟ ಜೋಡಿಸಿ, ಅಚ್ಚು ಹಾಕಿ, ಸೀಮೆಎಣ್ಣೆಯಲ್ಲಿ ತೊಳೆದು, ಮೊಳೆಗಳನ್ನೆಲ್ಲ ಮತ್ತೆ ಅವವುಗಳ ಮನೆಗೆ ಹಂಚಿದ ಮೇಲೇ ಮುಂದಿನ ಹದಿನಾರು. ಐವತ್ತನೆಯ ಪುಟದ ಪ್ರೂಫ್ ನೋಡುವಾಗ ಮೂರನೆಯ ಪುಟದ ನಾಯಕಿಯ ಹೆಸರು ಸರಿಯಿಲ್ಲವೆಂದು ಹೊಳೆದರೆ ಹೊಳೆದವನೇ ನುಂಗಿಕೊಳ್ಳಬೇಕು. ಆ ಪುಟ ಅಚ್ಚಾಗಿ, ಅದರ ಮೊಳೆಗಳು ಇನ್ನಾರದೋ ಮದುವೆಯ ಕರೆಯೋಲೆಯಲ್ಲಿ ನಿಂತಿರುತ್ತಿದ್ದವು. ಹಾಗಾಗಿ ಎಲ್ಲ ಅನುಮಾನಗಳನ್ನೂ ಮನೆಯಲ್ಲೇ, ಕಾಗದದ ಮೇಲೆಯೇ ಮುಗಿಸಿಕೊಂಡು ಬರುತ್ತಿದ್ದರು.

ಆ ಮನೆಯ ಕಾಗದ ನನಗೆ ಪುಕ್ಕಟೆ ಸಿಗುತ್ತಿತ್ತು. ಕಟಿಂಗ್ ಯಂತ್ರದಿಂದ ಉದುರಿದ ಅಂಗೈ ಅಗಲದ ಪಟ್ಟಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದೆ. ಮೊದಲ ಕರಡು ಪೆನ್ಸಿಲಿನಲ್ಲಿ ಆ ಪಟ್ಟಿಗಳ ಮೇಲೆ. ಒಂದು ಪಟ್ಟಿಗೆ ಒಂದು ಸಂಗತಿ. ಆಮೇಲೆ ಅವನ್ನು ಚಾಪೆಯ ಮೇಲೆ ಹರಡಿ ಹಿಂದೆ ಮುಂದೆ ಸರಿಸುವುದು. ಎರಡನೆಯದು ಪಾವತಿ ಪುಸ್ತಕದ ಹಾಳಾದ ಹಾಳೆಗಳ ಬೆನ್ನಿಗೆ, ಶಾಯಿಯಲ್ಲಿ. ಮೂರನೆಯದು ಪತ್ರಿಕೆಗೆ ಕಳಿಸುವ ಪ್ರತಿ: ಹಾಳೆಯ ಒಂದೇ ಮಗ್ಗುಲಿಗೆ, ಎಡಕ್ಕೆ ಅಂಚು ಬಿಟ್ಟು, ಕೆಳಗೆ ಕಾರ್ಬನ್ ಇಟ್ಟು. ಜೊತೆಗೆ ಸ್ವವಿಳಾಸದ, ಸ್ಟಾಂಪು ಹಚ್ಚಿದ ಲಕೋಟೆ. ‘ಸುಧಾ’, ‘ಮಯೂರ’, ‘ತುಷಾರ’, ‘ಕಸ್ತೂರಿ’ — ದೀಪಾವಳಿ ಸಂಚಿಕೆಗಳಿಗೆ ಮಳೆಗಾಲದಲ್ಲೇ ಕಳಿಸಬೇಕು. ಎರಡು ತಿಂಗಳಿಗೆ ನನ್ನದೇ ಕೈಬರಹದ ಲಕೋಟೆ ನನ್ನ ಮನೆ ಬಾಗಿಲಿಗೆ ಬರುತ್ತಿತ್ತು. ಅಂಚೆಯಣ್ಣ ಅದರ ದಪ್ಪ ನೋಡಿಯೇ ಮುಖ ಸಣ್ಣದು ಮಾಡುತ್ತಿದ್ದ.

ಮಡಿಕೆ ಬಿದ್ದ ಪ್ರತಿಯನ್ನು ಇನ್ನೊಂದು ಪತ್ರಿಕೆಗೆ ಕಳಿಸುವ ಹಾಗಿರಲಿಲ್ಲ. ಬೇರೆ ಕಡೆಯಿಂದ ಬಂದದ್ದು ಎಂದು ಗೊತ್ತಾಗುತ್ತದಲ್ಲ! ಮತ್ತೆ ನಕಲು ತೆಗೆಯಬೇಕು. ಹನ್ನೆರಡು ಪುಟ ಕೈಯಲ್ಲಿ ಬರೆಯುವಾಗ ಕಿರುಬೆರಳ ಬುಡ ನೋಯುತ್ತದೆ. ನೋಯುವ ಕೈ ಸುಮ್ಮನಿದ್ದ ವಿಶೇಷಣವನ್ನು ಬಿಟ್ಟು ಮುಂದೆ ಹೋಗುತ್ತದೆ. ಹಾಗೆ ಸೋಮಾರಿತನದಿಂದ ಬಿಟ್ಟುಹೋದ ಮಾತುಗಳನ್ನು ಆಮೇಲೆ ಎಂದೂ ಹುಡುಕಲಿಲ್ಲ. ಮೂರು ಕಡೆಯಿಂದ ತಿರುಗಿ ಬಂದ ಒಂದು ಕತೆ ನಾಲ್ಕನೆಯ ಪತ್ರಿಕೆಯಲ್ಲಿ ಅಚ್ಚಾದಾಗ ಹನ್ನೆರಡು ಪುಟದ್ದು ಒಂಬತ್ತಾಗಿತ್ತು. ತಿರಸ್ಕರಿಸಿದ ಮೂವರೂ ನನಗೆ ಒಂದೊಂದು ಪುಟ ತೆಗೆದುಕೊಟ್ಟಿದ್ದರು.

ಏನು ಓದಬೇಕೆಂದು ಹೇಳುವವರೂ ಆಗ ಬೇರೆ ಥರದವರು. ಧಾರವಾಡಕ್ಕೆ ಹೋದರೆ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಶುರುವಾದ ಸಂಸ್ಥೆ, ನಾಟಕಕಾರ ಜಿ.ಬಿ. ಜೋಶಿಯವರ ಕೂಸು, ಕೀರ್ತಿನಾಥ ಕುರ್ತಕೋಟಿಯವರ ಸಲಹೆ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’, ಗಿರೀಶ ಕಾರ್ನಾಡರ ‘ಯಯಾತಿ’ ಹೊರಬಂದದ್ದು ಅಲ್ಲಿಂದಲೇ. ಕಡಿದಾದ ಮೆಟ್ಟಿಲು ಹತ್ತಿ ಹೋಗಿ, ದೊಡ್ಡವರ ಮಾತಿಗೆ ಕಿವಿಯಾಗಿ, ಕೇಳಿದ ಹೆಸರುಗಳನ್ನು ಬಸ್ ಟಿಕೇಟಿನ ಹಿಂದೆ ಬರೆದುಕೊಂಡು ಬರುತ್ತಿದ್ದೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂದ ಮೇಲೆ ಆ ಪುಸ್ತಕದ್ದೇ ಮಾತು. ಮುಂಬಯಿಯ ರಾಸಾಯನಿಕ ಕಾರಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದುಕೊಂಡು ಹನೇಹಳ್ಳಿಯನ್ನು ಬರೆಯುವವರು ಇದ್ದಾರೆ ಎಂದು ತಿಳಿದಾಗ, ಪ್ರೆಸ್ಸಿನಲ್ಲಿದ್ದುಕೊಂಡು ನಾನೂ ಬರೆಯಬಹುದು ಎನ್ನಿಸಿತು. ಅನಂತಮೂರ್ತಿ ‘ಸಂಸ್ಕಾರ’ವನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಬರೆದರೆಂದು ಕೇಳಿದ್ದೂ ಆಗಲೇ. ಅಗ್ರಹಾರ ಕಾಣಲು ಅಷ್ಟು ದೂರ ಹೋಗಬೇಕೇನೋ ಎಂದು ನಾವು ಚಹಾ ಕುಡಿಯುತ್ತ ವಾದಿಸಿದ್ದೆವು.

ಕಾಕಾನ ಶಿಫಾರಸು ಮಾತ್ರ ಬೇರೆ. ಅವರು ಏಳನೆಯ ಇಯತ್ತೆ ಓದಿದವರು, ಆದರೆ ಸಾವಿರಾರು ಪುಟಗಳನ್ನು ಅಕ್ಷರ ಅಕ್ಷರವಾಗಿ, ಅದೂ ಕನ್ನಡಿಯೊಳಗಿನ ಹಾಗೆ ತಿರುಗುಮುರುಗಾಗಿ ಓದಿದವರು. “ಇದನ್ನ ಓದು, ಕೈ ತಾನ ಹೋಗತೈತಿ” ಎನ್ನುತ್ತಿದ್ದರು. ಮುಂದಿನ ಪದ ಯಾವುದೆಂದು ಹಸ್ತಪ್ರತಿ ನೋಡುವ ಮೊದಲೇ ಕೈಗೆ ತಿಳಿಯುವಂತಿದ್ದರೆ ಅದು ಅವರ ಪ್ರಕಾರ ಸಪ್ಪೆ ಬರಹ. ಪ್ರತಿ ಪದಕ್ಕೂ ತಡವರಿಸಿದರೆ ಡೌಲಿನ ಬರಹ. ಕೈ ತಾನೇ ಹೋಗುತ್ತಿದ್ದು, ಪುಟಕ್ಕೆ ಎರಡು ಸಲ ಗಕ್ಕನೆ ನಿಂತರೆ ಒಳ್ಳೆಯ ಕತೆ. ಇದಕ್ಕಿಂತ ಉತ್ತಮ ವಿಮರ್ಶೆಯ ಸೂತ್ರ ನನಗೆ ಈವರೆಗೆ ಸಿಕ್ಕಿಲ್ಲ.

ತೊಂಬತ್ತರ ದಶಕದಲ್ಲಿ ಆಫ್‌ಸೆಟ್ ಬಂತು, ಹಿಂದೆಯೇ ಡಿಟಿಪಿ. ಪ್ರೆಸ್ಸಿನ ಮೂಲೆಯಲ್ಲೊಂದು ಗಾಜಿನ ಕೋಣೆ ಎದ್ದಿತು. ಒಳಗೆ ಎಸಿ, ಹೊರಗೆ ಚಪ್ಪಲಿ ಬಿಡುವ ನಿಯಮ. “ಕಂಪ್ಯೂಟರಿಗೆ ಮಡಿ ಐತಿ” ಎಂದು ಕಾಕಾ ನಕ್ಕರು. ಟ್ರೆಡಲ್ ಯಂತ್ರ ಗುಜರಿಗೆ ಹೋಯಿತು. ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ತೂಗಿದರು. ಅಕಾರ, ಹಕಾರ, ಒತ್ತು, ಸೊನ್ನೆ ಎಲ್ಲ ಒಂದೇ ಗೋಣಿಯಲ್ಲಿ. ತೂಗುವ ದಿನ ಕಾಕಾ ಬರಲಿಲ್ಲ. ಮರುದಿನ ಬಂದು ತಮ್ಮ ಸ್ಟಿಕ್ಕನ್ನು ಅರಿವೆಯಲ್ಲಿ ಸುತ್ತಿಕೊಂಡು ಹೋದರು.

ನಾನೂ ಕೀಲಿಮಣೆ ಕಲಿತೆ. ಕೆ.ಪಿ. ರಾಯರು ರೂಪಿಸಿದ ವಿನ್ಯಾಸ ಅದೆಷ್ಟು ಜಾಣತನದ್ದೆಂದರೆ ಒಂದೇ ವಾರದಲ್ಲಿ ಬೆರಳಿಗೆ ಹತ್ತಿತು. ಕೇಸಿನಲ್ಲಿ ಪ್ರತ್ಯೇಕ ಮನೆ ಬೇಡುತ್ತಿದ್ದ ಒತ್ತಕ್ಷರಗಳೆಲ್ಲ ‘ಎಫ್’ ಎಂಬ ಒಂದೇ ಕೀಲಿಗೆ ಒಗ್ಗಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಮೂಡಿಗೆರೆಯ ತೋಟದಲ್ಲಿ ಮೀನು ಹಿಡಿಯುತ್ತಾರೆಂದು ನಾವು ಅಂದುಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ, ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು ತಂತ್ರಾಂಶ’ ತರಲು ಹಟ ಹಿಡಿದು ಕೂತಿದ್ದರು. ಕನ್ನಡ ಗಣಕಕ್ಕೆ ಇಳಿಯದಿದ್ದರೆ ಮುಂದೆ ದಾರಿಯಿಲ್ಲವೆಂದು ಬಹಳ ಮೊದಲೇ ಕಂಡಿದ್ದ ಕತೆಗಾರ ಅವರು.

ನನ್ನ ಕತೆಗಳಿಗೆ ಏನಾಯಿತು? ಉದ್ದವಾದವು. ಸೇರಿಸುವುದಕ್ಕೆ ಖರ್ಚಿಲ್ಲ, ಸಾಲು ಬಿಚ್ಚಿ ಕಟ್ಟುವವರಿಲ್ಲ. ನಕಲು ತೆಗೆಯುವುದೂ ಇಲ್ಲದ್ದರಿಂದ ಒಮ್ಮೆ ಕೂತ ವಾಕ್ಯ ಕೂತೇ ಇರುತ್ತದೆ. ಕಣ್ಣು ಅದರ ಮೇಲೆ ಜಾರಿ ಕೆಳಗೆ ಹೋಗುತ್ತದೆ. ಮೊದಲು ಕರಡಿಗೆ ಮೂರು ಬಣ್ಣವಿತ್ತು. ಈಗ ‘ಫೈನಲ್’, ‘ಫೈನಲ್ ಎರಡು’, ‘ಖರೇ ಫೈನಲ್’ ಎಂಬ ಕಡತಗಳು. ಯಾವುದರಲ್ಲಿ ಏನು ತಿದ್ದಿದೆನೆಂದು ನನಗೇ ತಿಳಿಯದು. ಹಳೆಯ ಫಾಂಟೊಂದರಲ್ಲಿದ್ದ ಕತೆಯನ್ನು ಯೂನಿಕೋಡಿಗೆ ಬದಲಾಯಿಸಿದಾಗ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿದವು. ಧರ್ಮ ‘ಧಮರ್’ ಆಯಿತು, ಸೂರ್ಯ ‘ಸೂಯರ್’ ಆದ. ಅದನ್ನು ಸರಿಮಾಡಲು ಮೊದಲಿನಿಂದ ಕೊನೆಯ ತನಕ ಪ್ರತಿ ಪದ ನೋಡಬೇಕಾಯಿತು. ನೋಡುತ್ತ ನೋಡುತ್ತ ಒಂದೂವರೆ ಪುಟ ಕಿತ್ತೆಸೆದೆ. ಕೆಟ್ಟುಹೋದ ಫಾಂಟು ನನಗೆ ಹಳೆಯ ನಕಲಿನ ಕೆಲಸವನ್ನೇ ಮರಳಿ ಕೊಟ್ಟಿತ್ತು.

ಈಚೆಗೆ ಮೊಮ್ಮಗಳು ಫೋನಿಗೆ ಬಾಯಲ್ಲಿ ಹೇಳಿ ಬರೆಸುವುದನ್ನು ಕಲಿಸಿದಳು. ಕತೆಯ ಮುದುಕಿಯ ಮಾತನ್ನು ನಮ್ಮ ಕಡೆಯ ಧಾಟಿಯಲ್ಲಿ ಹೇಳಿದೆ. “ಅಂವ ಹೊಂಟ” ಎಂದರೆ ಫೋನು “ಅವನ ಹೊಂಡ” ಎಂದು ಬರೆಯಿತು. ಹಟಕ್ಕೆ ಬಿದ್ದು ದೇವನೂರ ಮಹಾದೇವರ ‘ಕುಸುಮಬಾಲೆ’ಯ ಒಂದು ಪುಟವನ್ನು ಗಟ್ಟಿಯಾಗಿ ಓದಿದೆ. ಅದು ಬರೆದದ್ದನ್ನು ನೋಡಿ ಮನೆಮಂದಿಯೆಲ್ಲ ನಕ್ಕೆವು. ನಗುತ್ತಲೇ, ಆ ಪುಟ್ಟ ಪುಸ್ತಕವನ್ನು ನಾನು ಮತ್ತೆ ಪೂರ್ತಿ ಓದಿದೆ. ನಂಜನಗೂಡಿನ ಕಡೆಯ ಆ ನುಡಿಯನ್ನು ಗದುಗಿನ ನಾನು ಗಟ್ಟಿಯಾಗಿ ಓದಿದರೇ ಹಿಡಿಯಬಲ್ಲೆ. ಕಿರಿಯರು ಯಾರಾದರೂ ಏನು ಓದಲಿ ಎಂದು ಕೇಳಿದರೆ ಮೊದಲು ಅದನ್ನು ಹೇಳುತ್ತೇನೆ, ಬಾಯಿಬಿಟ್ಟು ಓದಿ ಎಂದೂ ಸೇರಿಸುತ್ತೇನೆ.

ಆಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಬೆಂಗಳೂರಿನ ಒಂದು ಮನೆಗೆ ದುಡ್ಡು ಬಂದ ಕತೆ. ಕೊನೆಯಲ್ಲಿ ಏನು ನಡೆದಿರಬಹುದು ಎಂಬುದನ್ನು ಅವರು ಬರೆಯದೆ ಬಿಟ್ಟಿದ್ದಾರೆ. ಆ ಬಿಟ್ಟ ಜಾಗ ನಮ್ಮ ಮೈಮೇಲೆ ಬರುತ್ತದೆ. ಮೂರನೆಯದು ಬಾನು ಮುಷ್ತಾಕರ ಕತೆಗಳು. ದೀಪಾ ಭಾಸ್ತಿಯವರ ಅನುವಾದದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ ನನ್ನ ಫೋನು ದಿನವಿಡೀ ಬಡಿದುಕೊಂಡಿತು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಅದರಲ್ಲಿರುವ ಹನ್ನೆರಡು ಕತೆಗಳು ಮೂವತ್ತು ಚಿಲ್ಲರೆ ವರ್ಷಗಳ ಬರವಣಿಗೆಯಿಂದ ಆರಿಸಿದವು. ಮೂವತ್ತು ವರ್ಷಕ್ಕೆ ಹನ್ನೆರಡು! ಪೇಟೆಯಲ್ಲಿ ಗದ್ದಲ ಮುಗಿದ ಮೇಲೆ ಕನ್ನಡದಲ್ಲೇ ಅವರ ಕತೆ ಹಿಡಿದು ಕೂತೆ. ‘ಎದೆಯ ಹಣತೆ’ ಓದುವಾಗ ನನ್ನ ಕೈ ಎರಡು ಸಲ ಗಕ್ಕನೆ ನಿಂತಿತು. ದಪ್ಪ ಪುಸ್ತಕವೇ ಬೇಕೆನ್ನುವವರಿಗೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಇದೆ. ಲಿಸ್ಬನ್ನಿನಿಂದ ತೆಂಬಕಪುರದ ತನಕ ಕೈ ತಾನೇ ಹೋಗುತ್ತದೆ.

ಕಾಕಾನನ್ನು ಕೊನೆಯ ಸಲ ಕಂಡದ್ದು ನನ್ನ ಎರಡನೆಯ ಸಂಕಲನ ಬಂದಾಗ. ಬೆಟಗೇರಿಯ ಮನೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದರು. ಪುಸ್ತಕ ಕೈಗಿಟ್ಟೆ. ಹಾಳೆಯ ಬೆನ್ನಮೇಲೆ ಹೆಬ್ಬೆರಳು ಆಡಿಸಿದರು. ಮೊಳೆ ಒತ್ತಿದ ಹಾಳೆಯ ಹಿಂಬದಿಗೆ ಅಕ್ಷರಗಳ ಉಬ್ಬು ಸಿಗುತ್ತಿತ್ತು. ಆಫ್‌ಸೆಟ್ ಹಾಳೆ ಎರಡೂ ಕಡೆ ನುಣುಪು.

“ಕೈಗೇನೂ ಹತ್ತೂದಿಲ್ಲ ನೋಡು,” ಎಂದರು. ಆದರೂ ಕನ್ನಡಕ ಏರಿಸಿ ಮೊದಲ ಕತೆ ಓದಿದರು. ನಿಧಾನಕ್ಕೆ, ತುಟಿ ಅಲುಗಿಸುತ್ತ. ಮೂರನೆಯ ಪುಟದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇಲ್ಲೆ ಎರಡು ಮಾತು ಜಾಸ್ತಿ ಆಗ್ಯಾವ. ಸಾಲು ಬಿಚ್ಚಾವ್ರು ಯಾರೂ ಇಲ್ಲಂತ ಬರದೀ ಹೌದಿಲ್ಲೋ?”

ಹೌದು. ಎರಡನೆಯ ಮುದ್ರಣಕ್ಕೆ ಕಡತ ತೆರೆದಾಗ ಆ ಎರಡು ಪದ ತೆಗೆದೆ. ಬದಲಿಗೆ ಏನೂ ಹಾಕಲಿಲ್ಲ. ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲುಗಳನ್ನು ಮೇಲಕ್ಕೆ ಎಳೆದು ಕೂಡಿಸಿತು. ಅವು ಎಲ್ಲಿದ್ದವೆಂದು ಈಗ ಹುಡುಕಿದರೆ ನನಗೂ ಸಿಗುವುದಿಲ್ಲ.