ರೇಡಿಯೊ ಬಿಚ್ಚಿ ಕಲಿತ ಊರಲ್ಲಿ ಮನೆ ಸರ್ವರ್

ಜಾಲಹಳ್ಳಿಯ ನಮ್ಮ ಬೀದಿಯ ಬಹುಪಾಲು ಮನೆಗಳಿಗೆ ಸಂಬಳ ಬರುತ್ತಿದ್ದದ್ದು ಎರಡು ಫ್ಯಾಕ್ಟರಿಗಳಿಂದ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಎಚ್.ಎಂ.ಟಿ. ಶುರುವಾಗಿತ್ತು, ಮರುವರ್ಷವೇ ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ಸಹಕಾರದಲ್ಲಿ ಬಿ.ಇ.ಎಲ್. ಬಂತು. ಒಂದರಲ್ಲಿ ಲೇತು, ಮಿಲ್ಲಿಂಗ್ ಯಂತ್ರ, 1961ರಿಂದ ಕೈಗಡಿಯಾರ. ಇನ್ನೊಂದರಲ್ಲಿ ವಾಲ್ವು, ಟ್ರಾನ್ಸಿಸ್ಟರು, ಟ್ರಾನ್ಸ್‌ಮಿಟರು. ಈ ಎರಡೂ ಕಡೆಯ ಜನ ಸಂಜೆ ಮನೆಗೆ ಬರುವಾಗ ಒಂದು ಗುಣವನ್ನೂ ಜೊತೆಗೆ ತರುತ್ತಿದ್ದರು: ಕೆಟ್ಟ ವಸ್ತುವನ್ನು ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡುವುದು. ಆ ಗುಣ ರೇಡಿಯೊದಿಂದ ಕಂಪ್ಯೂಟರಿಗೆ, ಅಲ್ಲಿಂದ ನಮ್ಮ ಕಡತಗಳನ್ನು ನಮ್ಮ ಮನೆಯಲ್ಲೇ ಇಟ್ಟು ಒದಗಿಸುವ ಇವತ್ತಿನ ಮನೆ ಸರ್ವರಿಗೆ ದಾಟಿಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಡುವೆ ಅದು ಕೈತಪ್ಪಿ ಹೋಗುವಂತಿದ್ದ ಕಾಲವನ್ನೂ ಕಂಡಿದ್ದೇನೆ.

ಬಿ.ಇ.ಎಲ್. 1961ರಲ್ಲಿ ರೇಡಿಯೊ ವಾಲ್ವುಗಳನ್ನು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು, 1964ರಲ್ಲಿ ಆಕಾಶವಾಣಿಗೆ ಬೇಕಾದ ಟ್ರಾನ್ಸ್‌ಮಿಟರುಗಳನ್ನು ತಯಾರಿಸತೊಡಗಿತು. ಎಲ್ಲೋ ದೂರದ ಹಳ್ಳಿಯ ರೇಡಿಯೊದಲ್ಲಿ ವಾರ್ತೆ ಕೇಳಿಬಂದರೆ, ಕಳಿಸುವ ತುದಿಯಲ್ಲೂ ಕೇಳುವ ತುದಿಯಲ್ಲೂ ನಮ್ಮೂರಿನವರ ಕೈಕೆಲಸ ಇರುವ ಸಾಧ್ಯತೆ ಇತ್ತು. ನಮ್ಮಪ್ಪ ಕೆಲಸ ಮಾಡುತ್ತಿದ್ದದ್ದು ಬಿ.ಇ.ಎಲ್.ನಲ್ಲಿಯೇ. ಎಸಿ128, ಬಿಸಿ148 ಎಂಬ ಟ್ರಾನ್ಸಿಸ್ಟರ್ ಸಂಖ್ಯೆಗಳು ನಮ್ಮ ಬೀದಿಯ ಮಕ್ಕಳ ಬಾಯಲ್ಲೂ ಸಲೀಸಾಗಿ ಬರುತ್ತಿದ್ದವು.

ನನಗೆ ಬೆಸುಗೆ ಹಾಕಲು ಕಲಿಸಿದವರು ಎದುರು ಮನೆಯ ಮಾಮ. ಪಾಳಿ ಮುಗಿಸಿ ಬಂದು ಕಾಫಿ ಕುಡಿದು, ಜಗಲಿಯ ಮೇಲೆ ಯಾರಾದರೂ ತಂದಿಟ್ಟ ಸೆಟ್ಟು ಬಿಚ್ಚುತ್ತಿದ್ದರು. ಹಳೆಯ ವಾಲ್ವ್ ಸೆಟ್ಟುಗಳಲ್ಲಿ ಹಿಂಬದಿಯ ರಟ್ಟಿನ ಒಳಮೈಗೆ ಸರ್ಕ್ಯೂಟ್ ನಕ್ಷೆ ಅಂಟಿಸಿರುತ್ತಿತ್ತು. ಮಾಡಿದವರೇ, ಕೆಟ್ಟರೆ ಹೀಗೆ ನೋಡಿ ಎಂದು ದಾರಿ ಬರೆದಿಟ್ಟ ಕಾಲ ಅದು. ತುಂಡಾದ ಡಯಲ್ ದಾರ, ಕೊಳೆ ಕೂತು ಗರಗರ ಎನ್ನುವ ವಾಲ್ಯೂಮ್, ಒಣಗಿದ ಕಂಡೆನ್ಸರು, ಇಷ್ಟರಲ್ಲೇ ಹೆಚ್ಚಿನ ರೋಗಗಳು ಮುಗಿಯುತ್ತಿದ್ದವು. ಮಾಮ ಹೇಳುತ್ತಿದ್ದ ಮಾತು ಒಂದೇ: “ಮೊದಲು ಕರೆಂಟು ಎಲ್ಲಿವರೆಗೆ ಬಂದಿದೆ ನೋಡು ಮರಿ. ಆಮೇಲೆ ದನಿ ಎಲ್ಲಿವರೆಗೆ ಬಂದಿದೆ ನೋಡು. ಎಲ್ಲಿ ನಿಂತಿದೆಯೋ ಅಲ್ಲೇ ರೋಗ.” ಮುಂದೆ ನಾನು ಕೈಯಿಟ್ಟ ಪ್ರತಿಯೊಂದು ಯಂತ್ರಕ್ಕೂ ಈ ಪಾಠವೇ ಸಾಕಾಯಿತು.

ಬೆಂಗಳೂರಿನಲ್ಲಿ ಮನೆಯ ಕಂಪ್ಯೂಟರೊಂದು ಇಡೀ ಊರಿಗೆ ಕೆಲಸ ಮಾಡಬಲ್ಲದು ಎಂದು ಮೊದಮೊದಲು ತೋರಿಸಿದವರಲ್ಲಿ ಅತುಲ್ ಚಿಟ್ನಿಸ್ ಒಬ್ಬರು. 1989ರಲ್ಲಿ ಅವರು ಸಿಐಎಕ್ಸ್ ಎಂಬ ಬುಲೆಟಿನ್ ಬೋರ್ಡ್ ಶುರುಮಾಡಿದರು. ಮೋಡೆಮ್ ಇದ್ದವರು ಫೋನ್ ಲೈನಿನ ಮೂಲಕ ಆ ಕಂಪ್ಯೂಟರಿಗೆ ಕರೆಮಾಡಿ ಸಂದೇಶ ಬಿಡಬಹುದಿತ್ತು, ಬೇರೆಯವರು ಬಿಟ್ಟದ್ದನ್ನು ಓದಬಹುದಿತ್ತು. ವಿ.ಎಸ್.ಎನ್.ಎಲ್. ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟದ್ದು ಅದಾದ ಎಷ್ಟೋ ವರ್ಷಕ್ಕೆ, 1995ರ ಆಗಸ್ಟ್ 15ರಂದು. ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಲಿನಕ್ಸ್ ಸಿ.ಡಿ.ಗಳ ಹಿಂದೆಯೂ ಚಿಟ್ನಿಸ್ ಅವರ ದುಡಿಮೆಯಿತ್ತು. ಡೌನ್‌ಲೋಡ್ ಎಂಬುದು ಕನಸಾಗಿದ್ದ ದಿನಗಳಲ್ಲಿ ನಮ್ಮಂಥವರ ಮನೆಗೆ ಲಿನಕ್ಸ್ ಬಂದದ್ದು ಆ ಸಿ.ಡಿ.ಗಳ ಮೂಲಕ. ಬಿಡಿಭಾಗಕ್ಕೆ ಎಸ್.ಪಿ. ರೋಡ್ ಇತ್ತು. ಜಾಲಹಳ್ಳಿಯಿಂದ ಮೆಜೆಸ್ಟಿಕ್‌ಗೆ ಬಸ್ಸು, ಅಲ್ಲಿಂದ ನಡಿಗೆ. ರೇಡಿಯೊದ ಕಂಡೆನ್ಸರ್ ಕೊಳ್ಳುತ್ತಿದ್ದ ಸುತ್ತಮುತ್ತಲ ಗಲ್ಲಿಗಳಲ್ಲೇ ನಾವು ಈಗ ರ‍್ಯಾಮು, ಹಾರ್ಡ್‌ಡಿಸ್ಕು ಕೇಳತೊಡಗಿದ್ದೆವು.

ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಕೂಡ ನಮ್ಮೂರಿಗೆ ಬೇಗನೆ ಬಂದಿತ್ತು ಎಂಬುದನ್ನು ಈಗಿನ ಹುಡುಗರಿಗೆ ಹೇಳಿದರೆ ಅಚ್ಚರಿಪಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಹಾಗೂ ಎನ್‌ಕೋರ್ ಸಾಫ್ಟ್‌ವೇರಿನವರು ಸೇರಿ ಸಿಂಪ್ಯೂಟರ್ ರೂಪಿಸಿದರು. ಲಿನಕ್ಸ್ ಮೇಲೆ ನಡೆಯುವ, ಭಾರತೀಯ ಭಾಷೆಗಳಲ್ಲಿ ಬಳಸಬಹುದಾದ, ಅಗ್ಗದ ಅಂಗೈಯಂತ್ರ ಮಾಡುವುದು ಅವರ ಗುರಿ. ಅದರ ಒಂದು ರೂಪವಾದ ‘ಅಮಿಡಾ’ 2004ರಲ್ಲಿ ಮಾರುಕಟ್ಟೆಗೆ ಬಂತು, ತಯಾರಿಸಿದ್ದು ಬಿ.ಇ.ಎಲ್. ಎಲ್ಲಕ್ಕಿಂತ ಅಗ್ಗದ ಮಾದರಿಗೆ ಹತ್ತು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ ಬೆಲೆ. ಕೈ ಅಲುಗಿಸಿದರೆ ಅದನ್ನು ಗುರುತಿಸುವ ಸಂವೇದಕ ಅದರಲ್ಲಿತ್ತು. ಐಫೋನ್ ಬಂದದ್ದು 2007ರಲ್ಲಿ. ಸಿಂಪ್ಯೂಟರ್ ಅಂಗಡಿಗಳಲ್ಲಿ ಗೆಲ್ಲಲಿಲ್ಲ, ಆದರೆ ಅದನ್ನು ಮಾಡಬಲ್ಲ ಬುದ್ಧಿ ಯಶವಂತಪುರದ ಆಚೆಗೂ, ಮಾಡಬಲ್ಲ ಕೈ ಈಚೆಗೂ ಇದ್ದವು. ಇದು ಈ ಊರಿನ ಹೆಮ್ಮೆ, ಮರೆಯಬಾರದು.

ನಾನು ಮನೆಯಲ್ಲಿ ಸರ್ವರ್ ಎಂದು ಕರೆಯಬಹುದಾದ ಯಂತ್ರ ಇಟ್ಟದ್ದು ಬ್ರಾಡ್‌ಬ್ಯಾಂಡ್ ಬಂದ ಮೇಲೆ. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಡೇಟಾಒನ್ ಶುರುವಾಯಿತು. ವೇಗ 256 ಕೆ.ಬಿ.ಪಿ.ಎಸ್. ಹಗಲಿನ ಡೇಟಾಗೆ ಮಿತಿ ಇದ್ದ, ಆದರೆ ನಡುರಾತ್ರಿ ಕಳೆದ ಮೇಲೆ ಬೆಳಗಿನವರೆಗೆ ಲೆಕ್ಕವಿಲ್ಲದ ಪ್ಲಾನ್‌ಗಳು ಮುಂದೆ ಬಂದವು. ಆ ಹೊತ್ತಿಗೆ ಕೆಲಸ ಶುರುಮಾಡುವಂತೆ ಹಳೆಯ ಡೆಸ್ಕ್‌ಟಾಪಿಗೆ ಹೇಳಿಟ್ಟು ಮಲಗುವುದು ನಮ್ಮ ಗೆಳೆಯರೆಲ್ಲರ ರೂಢಿಯಾಯಿತು. 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿತು. ಸಾಮಾನ್ಯ ಗುಣಮಟ್ಟದ ಒಂದು ಗಂಟೆಯ ಕಂತು ಸುಮಾರು 58 ಎಂ.ಬಿ.; ನಮ್ಮ ಲೈನಿನಲ್ಲಿ ಇಳಿಯಲು ಅರ್ಧ ಗಂಟೆಗಿಂತ ಕಡಿಮೆ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗ ಹೊಸ ಕಂತುಗಳು ಡಿಸ್ಕಿನಲ್ಲಿರುತ್ತಿದ್ದವು. ಅವನ್ನು ಪುಟ್ಟ ಎಂಪಿ3 ಪ್ಲೇಯರಿಗೆ ತುಂಬಿಕೊಂಡು ಬಸ್ಸು ಹತ್ತಿದರೆ ತುಮಕೂರು ರಸ್ತೆಯ ಟ್ರಾಫಿಕ್ ಹಗುರವಾಗುತ್ತಿತ್ತು. ಆಕಾಶವಾಣಿಯ ಹೊತ್ತಿಗೆ ನಾವು ಕಾಯುತ್ತಿದ್ದೆವು. ಈಗ ದನಿಯೇ ನಮ್ಮ ಹೊತ್ತಿಗೆ ಕಾಯತೊಡಗಿತು.

ಆಮೇಲಿನ ಹತ್ತು ವರ್ಷದಲ್ಲಿ ಊರು ಗುರುತು ಸಿಗದಷ್ಟು ಬದಲಾಯಿತು. 2015ರ ಮೇ 1ರಂದು ಪೀಣ್ಯ ಇಂಡಸ್ಟ್ರಿಯಿಂದ ನಾಗಸಂದ್ರದವರೆಗೆ ಮೆಟ್ರೊ ಓಡಿ, ಜಾಲಹಳ್ಳಿಗೂ ಒಂದು ನಿಲ್ದಾಣ ಸಿಕ್ಕಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ನೀರಿನಷ್ಟು ಅಗ್ಗವಾಯಿತು. ರೇಡಿಯೊ ರಿಪೇರಿ ಅಂಗಡಿಗಳು ಮೊಬೈಲ್ ಕವರ್ ಮಾರುವ ಅಂಗಡಿಗಳಾದವು. ಎದುರು ಮನೆಯ ಮಾಮ ತೀರಿಕೊಂಡರು. ಅವರ ಮೀಟರು, ಬೆಸುಗೆಯ ಸಾಮಾನು ಗುಜರಿಗೆ ಹೋದವು. ಮಕ್ಕಳ ಕೈಗೆ ಬಂದ ಫೋನಿಗೆ ಬಿಚ್ಚಬಹುದಾದ ಹಿಂಬದಿಯೇ ಇರಲಿಲ್ಲ. ಫೋಟೊ, ಹಾಡು, ಕಡತ ಎಲ್ಲವೂ ಯಾವುದೋ ದೇಶದ ಯಾವುದೋ ಕಟ್ಟಡದಲ್ಲಿ ಕೂತವು. ಎಲೆಕ್ಟ್ರಾನಿಕ್ಸ್ ತಯಾರಿಸಿ ನಾಡಿಗೆ ಕೊಟ್ಟ ಊರು ಬರೀ ಬಳಸುವ ಊರಾಗುತ್ತಿದೆಯಲ್ಲ ಎಂದು ನನಗೆ ನಿಜಕ್ಕೂ ನೋವಾಗಿತ್ತು.

ಬೇರೆಯವರ ಮನೆಯಲ್ಲಿಟ್ಟ ಸಾಮಾನು ಅವರ ಅನುಕೂಲಕ್ಕೆ ಒಳಪಟ್ಟದ್ದು. ಜಾಲತಾಣಗಳ ಹೊಸ ಬರಹಗಳನ್ನು ಒಂದೆಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಿತು. 2021ರ ಜೂನ್‌ನಿಂದ ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ ಮುಗಿಯಿತು. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಕೂಡ ಮುಚ್ಚಿತು. ಇವುಗಳಲ್ಲಿ ಒಂದೊಂದೂ ಒಂದಿಷ್ಟು ಜನರನ್ನು ಮನೆ ಸರ್ವರಿನ ಕಡೆ ತಿರುಗಿಸಿತು. ನಮ್ಮ ಬೀದಿಯ ಹೊಸ ತಲೆಮಾರು ಹಾಗೆ ತಿರುಗಿದ್ದನ್ನು ನೋಡಿದಾಗ ಹಳೆಯ ಗುಣ ಸತ್ತಿಲ್ಲ ಎಂಬ ಧೈರ್ಯ ಬಂತು.

ಪಕ್ಕದ ಮನೆಯ ಹುಡುಗಿ ಒಂದು ದಿನ ಕೇಳಿದಳು, “ಅಂಕಲ್, ರಾಸ್ಪ್‌ಬೆರಿ ಪೈ ಸಾಕಾ, ಇಲ್ಲ ಹಳೇ ಡೆಸ್ಕ್‌ಟಾಪೇ ಇಡ್ಲಾ?” ಕರೆಂಟ್ ಬಿಲ್ಲಿನ ಲೆಕ್ಕ ಹಾಕಿ ನೋಡು ಎಂದೆ. ಹಳೆಯ ಡೆಸ್ಕ್‌ಟಾಪ್ 70 ವ್ಯಾಟ್ ಎಳೆದರೆ ತಿಂಗಳಿಗೆ 50 ಯೂನಿಟ್. ಅಂಗೈಯಗಲದ ಪೈಗೆ ಐದಾರು ವ್ಯಾಟ್ ಸಾಕು, ತಿಂಗಳಿಗೆ ಸುಮಾರು ನಾಲ್ಕು ಯೂನಿಟ್. ಐ.ಟಿ. ಕಂಪನಿಗಳು ಬಳಸಿ ಬಿಟ್ಟ ಪುಟ್ಟ ಆಫೀಸ್ ಕಂಪ್ಯೂಟರುಗಳು ಎಸ್.ಪಿ. ರೋಡಿನಲ್ಲಿ ಸಿಗುತ್ತವೆ, ಇವೆರಡರ ನಡುವೆ ಅವು ಒಳ್ಳೆಯ ಆಯ್ಕೆ. ನಮ್ಮ ಕಡೆ ಕರೆಂಟು ಹೋಗಿ ಬರುವುದು ಸಾಮಾನ್ಯ. ಹಾಗೆ ಥಟ್ಟನೆ ಆರಿಹೋದರೆ ಮೆಮೊರಿ ಕಾರ್ಡಿನಲ್ಲಿ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಂತು ಕಾರ್ಡೇ ಕೆಡಬಹುದು. ಆದ್ದರಿಂದ ಎಸ್.ಎಸ್.ಡಿ. ಹಾಕಿ, ಚಿಕ್ಕದೊಂದು ಯು.ಪಿ.ಎಸ್. ಇಡಬೇಕು.

ಅವಳ ಪೆಟ್ಟಿಗೆಯಲ್ಲಿ ಈಗ ಫೋಟೊಗಳಿಗೆ ಇಮ್ಮಿಚ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಹಾಡು ಸಿನಿಮಾಕ್ಕೆ ಜೆಲ್ಲಿಫಿನ್, ಜಾಹೀರಾತು ತಡೆಯಲು ಪೈ-ಹೋಲ್ ಇವೆ. ಎಲ್ಲವೂ ಮುಕ್ತ ತಂತ್ರಾಂಶ. ಒಳಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ಓದಬಹುದು. ರಟ್ಟಿನ ಒಳಮೈಗೆ ನಕ್ಷೆ ಅಂಟಿಸುತ್ತಿದ್ದವರ ಧರ್ಮವೇ ಇದು. ಮನೆಯ ಹೊರಗಿನಿಂದ ಸರ್ವರ್ ಸಿಗುತ್ತಿಲ್ಲ ಎಂದು ಅವಳು ಒದ್ದಾಡಿದಾಗ ಮಾಮನ ಪಾಠವನ್ನೇ ಹೇಳಿದೆ: ಎಲ್ಲಿವರೆಗೆ ಬರುತ್ತಿದೆ ನೋಡು. ಅವಳೇ ಕಂಡುಹಿಡಿದಳು. ಹಳೆಯ ಬಗೆಯ ಇಂಟರ್ನೆಟ್ ವಿಳಾಸಗಳು ಸಾಲದೆ ಕಂಪನಿಗಳು ಒಂದೇ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತವೆ. ಹೊರಗಿನಿಂದ ಬಂದ ಕರೆ ಯಾವ ಮನೆಗೆ ಎಂದು ಗೊತ್ತಾಗದೆ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಪರಿಹಾರವಾಗಿ ವೈರ್‌ಗಾರ್ಡ್ ಆಧಾರದ ಟೇಲ್‌ಸ್ಕೇಲ್ ಹಾಕಿದಳು. ಮನೆಯ ಯಂತ್ರವೂ ಫೋನೂ ತಾವಾಗಿ ಹೊರಕ್ಕೆ ಕೈಚಾಚಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ.

ನನ್ನ ಸರ್ವರಿನಲ್ಲಿ ಹೆಚ್ಚು ಜಾಗ ಹಿಡಿದಿರುವುದು ಕೇಳುವ ಸಾಮಗ್ರಿ. ಫೋನಿನಲ್ಲಿ ಆಂಟೆನಾಪಾಡ್ ಎಂಬ ಮುಕ್ತ ಆ್ಯಪ್ ಇದೆ. ಪಾಡ್‌ಕಾಸ್ಟ್ ನಿಂತಿರುವುದು ಆರ್.ಎಸ್.ಎಸ್. ಫೀಡ್ ಎಂಬ ಸರಳ ಪಟ್ಟಿಯ ಮೇಲೆ: ಕಂತಿನ ಹೆಸರು, ದಿನಾಂಕ, ಕಡತ ಇರುವ ಜಾಗ, ಅಷ್ಟೆ. ಆ ಪಟ್ಟಿಯನ್ನು ಯಾವ ಆ್ಯಪ್ ಬೇಕಾದರೂ ಓದಬಲ್ಲದು. ಒಂದು ಆ್ಯಪ್ ನಿಂತರೆ ಚಂದಾ ಪಟ್ಟಿಯನ್ನು ಇನ್ನೊಂದಕ್ಕೆ ಎತ್ತಿಕೊಂಡು ಹೋಗಬಹುದು. ನಾನು ತಪ್ಪದೆ ಕೇಳುವುದರಲ್ಲಿ ಕನ್ನಡದ ‘ತಲೆ-ಹರಟೆ’ ಮೊದಲನೆಯದು. ಪವನ್ ಶ್ರೀನಾಥ್ ಮತ್ತು ಗೆಳೆಯರು ವಿಜ್ಞಾನ, ಇತಿಹಾಸ, ನಗರ, ಊಟ, ಸಿನಿಮಾ ಎಲ್ಲವನ್ನೂ ಬೆಂಗಳೂರಿನ ಆಡುಮಾತಿನಲ್ಲೇ ಚರ್ಚಿಸುತ್ತಾರೆ. ಗಂಭೀರ ವಿಷಯಕ್ಕೆ ಕನ್ನಡ ಸಾಲದು ಎನ್ನುವವರಿಗೆ ಅದರ ಯಾವುದಾದರೂ ಕಂತು ಕೇಳಿಸಿದರೆ ಸಾಕು. ಇಂಗ್ಲಿಷಿನಲ್ಲಿ ಅಮಿತ್ ವರ್ಮಾ ಅವರ ‘ದಿ ಸೀನ್ ಅಂಡ್ ದಿ ಅನ್‌ಸೀನ್’ ಕೇಳುತ್ತೇನೆ. ಗಂಟೆಗಟ್ಟಲೆ ಸಾಗುವ ಅದರ ಮಾತುಕತೆಗೆ ತಾಳ್ಮೆ ಬೇಕು, ತಾಳ್ಮೆಗೆ ತಕ್ಕ ಫಲವೂ ಇದೆ. ಮನೆ ಸರ್ವರಿನ ಹವ್ಯಾಸಿಗಳಿಗೆಂದೇ ನಡೆದ ‘ಸೆಲ್ಫ್-ಹೋಸ್ಟೆಡ್’ ನನಗೆ ಬಹಳಷ್ಟು ಕಲಿಸಿದೆ.

ಇವುಗಳ ಪಕ್ಕದಲ್ಲೇ ಮನೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ದನಿಗಳಿವೆ: ಅಜ್ಜಿಯ ಹಸೆಹಾಡು, ಅಪ್ಪ ನಿವೃತ್ತರಾದ ದಿನದ ಭಾಷಣಗಳು. ಕ್ಯಾಸೆಟ್ಟಿನ ಟೇಪು ವರ್ಷ ಕಳೆದಂತೆ ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಒಂದು ಟಿ.ಬಿ. ಡಿಸ್ಕಿನಲ್ಲಿ ಸಾಮಾನ್ಯ ಗುಣಮಟ್ಟದ ಹದಿನೇಳು ಸಾವಿರ ಗಂಟೆಗಳ ದನಿ ಹಿಡಿಯುತ್ತದೆ. ಒಂದು ಮನೆತನದ ದನಿಗಳಿಗೆ ಅಷ್ಟು ಜಾಗ ಧಾರಾಳ.

ಮನೆ ಸರ್ವರ್ ದುಡ್ಡು ಉಳಿಸುತ್ತದೆ ಎಂದು ನಾನು ಹೇಳುವುದಿಲ್ಲ. ಅದಕ್ಕೆ ದುಡಿಮೆ ಬೇಕು; ಅಪ್ಡೇಟ್ ಮಾಡುತ್ತಿರಬೇಕು, ಡಿಸ್ಕು ಕೆಟ್ಟೇ ಕೆಡುತ್ತದೆ ಎಂದುಕೊಂಡು ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡಬೇಕು. ಆದರೆ ಬಳಸುವ ಯಂತ್ರದ ಒಳಗು ತಿಳಿದ ಜನ ಊರಿಗೆ ಬೇಕು. ಜಾಲಹಳ್ಳಿಯನ್ನು ಕಟ್ಟಿದ್ದು ಅಂಥವರೇ.

ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುವವರಲ್ಲಿ ನನ್ನದೊಂದು ವಿನಂತಿ: ಯಾವ ಆ್ಯಪಿನ ಜೊತೆ ಒಪ್ಪಂದವಿದ್ದರೂ ತೆರೆದ ಫೀಡ್ ಒಂದನ್ನು ಉಳಿಸಿ, ಮೂಲ ಕಡತಗಳನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ. ಓದುಗರಲ್ಲಿ ಇನ್ನೊಂದು: ಬಳಸದೆ ಬಿದ್ದಿರುವ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕಬೇಡಿ. ಮನೆಯ ಮಕ್ಕಳಿಗೆ ಕೊಟ್ಟು, ಅದರ ಮೇಲೆ ಲಿನಕ್ಸ್ ಹಾಕಲು ಹೇಳಿ, ಮನೆಯ ಹಿರಿಯರ ದನಿಯನ್ನು ಮೊದಲ ಕಡತವಾಗಿ ಅದರಲ್ಲಿ ಇಡಿಸಿ.